ಮುಯ್ಯಿಯ ಡಬ್ಬಿ

ನಾವು ಆಷಾಢದಲ್ಲಿ ಲೆಕ್ಕ ಹಾಕಲು ಕೂತದ್ದೇ ಎಡವಟ್ಟಾಯಿತು. ಆಷಾಢದಲ್ಲಿ ನಮ್ಮ ಕಡೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಲಗ್ನಪತ್ರಿಕೆ ಹಿಡಿದು ಯಾರೂ ಬಾಗಿಲು ತಟ್ಟುವುದಿಲ್ಲ. ಹಾಗಾಗಿ ಮನೆಯ ಖರ್ಚುಗಳನ್ನು ಒಂದೊಂದಾಗಿ ಕೇಳುತ್ತ ಮಗಳು ಬಿಂದುಶ್ರೀ ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತಿದ್ದಾಗ, ಎಲ್ಲಕ್ಕಿಂತ ಹಟಮಾರಿ ಖರ್ಚೊಂದು ಯಾರ ನೆನಪಿಗೂ ಬರಲಿಲ್ಲ.

ಬಿಂದು ಆಗ ಎರಡನೇ ಪಿಯುಸಿ. ಮುಂದೆ ನರ್ಸಿಂಗ್ ಓದುವುದೆಂದು ಅವಳು ಮೊದಲೇ ತೀರ್ಮಾನಿಸಿದ್ದಳು. ನಮ್ಮತ್ತೆ ಹೊನ್ನಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಾಗ, ಆಸ್ಪತ್ರೆಯ ಸಿಸ್ಟರೊಬ್ಬರು ಅವರನ್ನು ಎಳೆಗೂಸಿನಂತೆ ಮಗ್ಗುಲು ಬದಲಿಸಿ ಮಲಗಿಸುವುದನ್ನು ನೋಡಿ ಬಂದವಳು ಅವಳು. ಹೊಳೆನರಸೀಪುರದ ಕಾಲೇಜಿನಲ್ಲಿ ವಿಚಾರಿಸಿದೆವು. ಸ್ಕಾಲರ್‌ಶಿಪ್ ಬರುತ್ತದೆ, ಆದರೆ ಆಮೇಲೆ. ಸೇರುವಾಗ ಫೀಸು, ಹಾಸ್ಟೆಲ್ಲು, ಯೂನಿಫಾರ್ಮು ಎಲ್ಲ ಸೇರಿ ಮೂವತ್ತು ಸಾವಿರವನ್ನು ಕೈಯಿಂದ ಕಟ್ಟಲೇಬೇಕು. ಅಡವಿಡೋಣವೆಂದರೆ ನನ್ನ ಒಂದೆಳೆ ಸರ ಅತ್ತೆಯ ಕಾಲಿನ ಆಪರೇಷನ್ನಿಗೇ ಬ್ಯಾಂಕು ಸೇರಿ ಕೂತಿತ್ತು. ಒಂದು ವರ್ಷದಲ್ಲಿ ನಾವೇ ಕೂಡಿಸಬೇಕು, ಇಲ್ಲವೆ ಬಿಂದು ಮನೆಯಲ್ಲಿ ಕೂರಬೇಕು. ಬೇರೆ ದಾರಿ ಇರಲಿಲ್ಲ.

ನಮ್ಮ ಯಜಮಾನರು ದೇವರಾಜು ಹಾಸನದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುವ ಮೆಕ್ಯಾನಿಕ್. ಸಂಬಳ ಇಪ್ಪತ್ತು ಸಾವಿರ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ, ಹಬ್ಬದ ತಿಂಗಳಲ್ಲಿ ಚೆನ್ನಾಗಿ ಸಿಗುತ್ತದೆ, ಉಳಿದಾಗ ಅಷ್ಟಕ್ಕಷ್ಟೆ. ಜೊತೆಗೆ ಗೃಹಲಕ್ಷ್ಮಿಯ ಎರಡು ಸಾವಿರ. ಕುಡಿಯುವವರಿಲ್ಲ, ಇಸ್ಪೀಟು ಆಡುವವರಿಲ್ಲ. ಆದರೂ ಇಪ್ಪತ್ತನೇ ತಾರೀಕಿನ ಹೊತ್ತಿಗೆ ಎದುರುಮನೆಯವರ ಹತ್ತಿರ ಕೈಗಡ ಕೇಳುವ ಹಾಗೆ ಆಗುತ್ತಿತ್ತು.

ಬಿಂದು ಅಂಟಿಸಿದ ಡಬ್ಬಿಗಳು ಆರು. ಬಾಡಿಗೆ, ದಿನಸಿ, ಹಾಲು-ತರಕಾರಿ, ಗ್ಯಾಸು-ಕರೆಂಟು, ಅಜ್ಜಿ ಮಾತ್ರೆ. ಕೊನೆಯದು ಅವಳದೇ ಹೆಸರಿನದು. ಅದಕ್ಕೆ ಸಂಬಳ ಬಂದ ದಿನವೇ ಎಲ್ಲಕ್ಕಿಂತ ಮೊದಲು ಮೂರು ಸಾವಿರ. ಉಳಿದರೆ ಹಾಕೋಣ ಎಂದುಕೊಂಡರೆ ಯಾವ ಕಾಲಕ್ಕೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಒಂದು ಡಬ್ಬಿ ಖರ್ಚಿಗೆ ಇನ್ನೊಂದಕ್ಕೆ ಕೈ ಹಾಕಂಗಿಲ್ಲ" ಎಂದಳು ಬಿಂದು, ಅಪ್ಪನ ಕಡೆ ತಿರುಗಿ.

"ನನ್ನ ಮಖ ಯಾಕವ್ವ ನೋಡ್ತೀಯ? ನಾನೇನು ಕಳ್ಳನಾ?" ಎಂದರು ಇವರು.

ಆಷಾಢ ಕಳೆಯಿತು. ಡಬ್ಬಿಗಳು ಸುಮ್ಮನೆ ಕೂತಿದ್ದವು. ತಿಂಗಳ ಕೊನೆಯಲ್ಲಿ ದಿನಸಿ ಡಬ್ಬಿಯಲ್ಲಿ ನೂರಾ ನಲವತ್ತು ರೂಪಾಯಿ ಉಳಿದಿದ್ದು ನೋಡಿ ನಾನು ಒಬ್ಬಳೇ ಅಡುಗೆಮನೆಯಲ್ಲಿ ನಕ್ಕೆ.

ಶ್ರಾವಣ ಬಂತು. ಒಂದರ ಹಿಂದೆ ಒಂದು ಲಗ್ನಪತ್ರಿಕೆ. ಕಟ್ಟಾಯದಲ್ಲಿ ಒಂದು ಮದುವೆ, ಅರಕಲಗೂಡಿನಲ್ಲಿ ಒಂದು ಗೃಹಪ್ರವೇಶ, ಇವರ ಜೊತೆ ಕೆಲಸ ಮಾಡುವ ತಿಮ್ಮಪ್ಪನ ಮಗನ ಮದುವೆಯ ಬಾಡೂಟ, ಬೀಗರೂಟ. ಹೋದ ಮೇಲೆ ಮುಯ್ಯಿ ಹಾಕದೆ ಬರುವುದುಂಟೆ? ನಮ್ಮ ಮನೆಯ ಕೆಲಸಕ್ಕೆ ಅವರು ಹಾಕಿರುತ್ತಾರೆ, ಅವರ ಮನೆಯ ಕೆಲಸಕ್ಕೆ ನಾವು ಹಾಕಬೇಕು. ಇಲ್ಲಿಯವರೆಗೂ ಸರಿ. ಆದರೆ ಮುಯ್ಯಿ ಬರೆಯುವ ಟೇಬಲ್ಲಿನ ಮುಂದೆ ನಿಂತರೆ ನಮ್ಮ ಯಜಮಾನರ ಎದೆ ಉಬ್ಬಿಬಿಡುತ್ತದೆ. ಅವರು ಐನೂರು ಹಾಕಿದ್ದರೆ ಇವರು ಸಾವಿರದ ಒಂದು. ಮೊತ್ತ ಕೂಗಲು ಪಕ್ಕದಲ್ಲಿ ಮೈಕಿದ್ದರಂತೂ ಕೇಳುವುದೇ ಬೇಡ.

ಶ್ರಾವಣದ ಕೊನೆಗೆ ಬಿಂದುವಿನ ಡಬ್ಬಿ ಎತ್ತಿದರೆ ಹಗುರ. ಒಳಗೆ ಒಂದು ಇನ್ನೂರರ ನೋಟು.

"ಅದು ಖರ್ಚಲ್ಲ ಕಣೇ ಲೀಲಾ" ಎಂದರು ಇವರು, ತಲೆ ಕೆರೆಯುತ್ತ. "ನಮ್ ದುಡ್ಡೇ ಅಲ್ಲೋಗಿ ಕುಂತಿರ್ತದೆ. ನಾಳೆ ನಮ್ ಮನೇಲಿ ಕಾರ್ಯ ಆದ್ರೆ ಬತ್ತದೆ."

"ನಾಳೆ ಕಾಲೇಜಿನವರು ಕೇಳ್ದಾಗ ಎಲ್ಲಿಂದ ಬತ್ತದೆ?" ಎಂದೆ.

ಬಿಂದು ಖಾಲಿ ಡಬ್ಬಿಯ ಮುಚ್ಚಳ ಹಾಕಿ ಮತ್ತೆ ಅದರ ಜಾಗದಲ್ಲೇ ಇಟ್ಟಳು. ಅವಳು ಅತ್ತಿದ್ದರೆ ನಾನು ಜಗಳವಾಡುತ್ತಿದ್ದೆನೇನೋ. ಅವಳು ಸುಮ್ಮನೆ ಪುಸ್ತಕ ತೆಗೆದು ಕೂತಳು. ನಾನು ಸಾರಿಗೆ ಹುಣಸೆಹಣ್ಣು ಕಿವುಚುತ್ತ ಯೋಚಿಸಿದೆ. ಇವರನ್ನು ಬೈದು ಪ್ರಯೋಜನವಿಲ್ಲ. ಮುಯ್ಯಿ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ಅತ್ತೆ ಆಸ್ಪತ್ರೆಯಲ್ಲಿದ್ದಾಗ ಬುತ್ತಿ ತಂದವರು ಇದೇ ಜನ. ಹಾಗಿದ್ದ ಮೇಲೆ ಮುಯ್ಯಿಯೂ ಅಕ್ಕಿ, ಬೇಳೆಯ ಹಾಗೆ ಒಂದು ಖರ್ಚು. ಅದಕ್ಕೂ ಒಂದು ಡಬ್ಬಿ ಬೇಕು.

ಮಾರನೆಯ ದಿನ ಅತ್ತೆಯ ಮುಂದೆ ಅಲಸಂದೆಕಾಯಿ ಸುಲಿಯುತ್ತ ಕೂತೆ.

"ಅತ್ತೆ, ಮುಂದಿನ ಆಷಾಢದ ತನಕ ಯಾರ್ ಯಾರ ಮನೇಲಿ ಕಾರ್ಯ ಆಗಬೋದು?"

ಹೊನ್ನಕ್ಕನ ಮುಖ ಅರಳಿತು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಯಾವ ಮನೆಯಲ್ಲಿ ಹುಡುಗಿಗೆ ಗಂಡು ನೋಡುತ್ತಿದ್ದಾರೆ, ಯಾರ ಹೊಸಮನೆಗೆ ತಾರಸಿ ಹಾಕಿದ್ದಾರೆ, ಯಾರ ಸೊಸೆಗೆ ತಿಂಗಳು ತುಂಬುತ್ತಿದೆ, ಎಲ್ಲ ಹೇಳಿದರು. ಪ್ರತಿಯೊಬ್ಬರೂ ನಮಗೆ ಎಷ್ಟು ಹಾಕಿದ್ದರು ಎಂಬುದನ್ನೂ. ಬಿಂದು ಕೂಡಿಸಿದಳು. ವರ್ಷಕ್ಕೆ ಹದಿನೆಂಟು ಸಾವಿರ. ನನ್ನ ಕೈಯ ಅಲಸಂದೆಕಾಯಿ ಮೊರಕ್ಕೆ ಬೀಳದೆ ನೆಲಕ್ಕೆ ಬಿತ್ತು.

"ತಿಂಗಳಿಗೆ ಒಂದೂವರೆ ಅಮ್ಮ" ಎಂದಳು ಬಿಂದು. "ಹಂಗೆ ನೋಡಿದ್ರೆ ಅಷ್ಟು ಭಯ ಆಗಲ್ಲ."

ನಿಜ, ತಿಂಗಳಿಗೆ ಒಡೆದ ಕೂಡಲೇ ಅದು ಪಳಗಿದ ಹಸುವಿನಂತಾಯಿತು. ಕಟ್ಟುಪಾಡು ಒಂದೇ. ಅವರು ಹಾಕಿದಷ್ಟು, ಮೇಲೊಂದು ನೂರು. ಅದಕ್ಕಿಂತ ಹೆಚ್ಚಿಲ್ಲ. ಒಂದೂವರೆ ಸಾವಿರ ಎಲ್ಲಿಂದ ತರುವುದು ಎಂಬುದಕ್ಕೆ ದಾರಿ ತೋರಿಸಿದವರೂ ಅತ್ತೆಯೇ.

"ಬೀಗರೂಟ ಇರೋ ವಾರ ಮನೇಲಿ ಯಾಕ್ರವ್ವ ಬಾಡು ತರೋದು? ಅಲ್ಲಿ ತಿನ್ನೋದೇ ಮೂರ್ ದಿನ ಅರಗಲ್ಲ."

ಇವರು ಹೌಹಾರಿದರು. "ಅವ್ವ, ಭಾನುವಾರ ಬಾಡಿಲ್ದೆ ಎಂಗವ್ವ?"

"ಮುಯ್ಯಿ ಆಕಿದ್ದೀಯಲ್ಲ, ಅಲ್ಲೇ ಎರಡ್ ಪೀಸ್ ಜಾಸ್ತಿ ಆಕುಸ್ಕೊ ಓಗು."

ಹೀಗೆ ಏಳನೇ ಡಬ್ಬಿ ಬಂತು. ಭಾನುವಾರದ ಬಾಡಿನ ದುಡ್ಡು, ಗಾರ್ಮೆಂಟ್ಸ್ ಗೇಟಿನ ಹೋಟೆಲಿನಲ್ಲಿ ಇವರು ದಿನಾ ತಿನ್ನುತ್ತಿದ್ದ ಸಂಜೆಯ ಬೋಂಡಾದ ದುಡ್ಡು, ನಾವು ಹೆಂಗಸರು ಬಸ್ಸಿಗೆ ಕೊಡದೆ ಉಳಿಸಿದ್ದು, ನಾನು ಸೀರೆಗೆ ಫಾಲ್ ಹಾಕಿದ ಚಿಲ್ಲರೆ, ಎಲ್ಲ ಅದರೊಳಗೆ. ಮದುವೆಗೆ ಹೊರಡುವ ಮುಂಚೆ ಆ ಡಬ್ಬಿಯಿಂದಲೇ ಲಕೋಟೆಗೆ ಹಾಕಿ, ಅಂಟಿಸಿ ಇವರ ಜೇಬಿಗೆ ಇಡುತ್ತಿದ್ದೆ. ಪರ್ಸು ಮನೆಯಲ್ಲಿ. ಮೊದಲ ಸಲ ಸಾಲಗಾಮೆಯ ಮದುವೆಯಲ್ಲಿ ಲಕೋಟೆ ಕೊಟ್ಟು ಬಂದಾಗ ಇವರ ಮುಖ ಸೋತು ಬಂದವರ ಹಾಗಿತ್ತು. ನಾಲ್ಕನೆಯ ಮದುವೆಯ ಹೊತ್ತಿಗೆ ಊಟ ರುಚಿಯಾಗಿತ್ತು ಎಂದು ಹೇಳುವಷ್ಟಾದರು. ಮಾಘ ಬರುವ ವೇಳೆಗೆ ಗಾರ್ಮೆಂಟ್ಸ್‌ನಲ್ಲಿ ತಿಮ್ಮಪ್ಪನಿಗೆ ತಾವೇ ಪಾಠ ಹೇಳುತ್ತಿದ್ದರಂತೆ. "ನಿಮ್ಮಟ್ಟೀಲಿ ಮುಯ್ಯಿ ಡಬ್ಬಿ ಇಲ್ವಾ? ಅಂಗಾದ್ರೆ ನೀನು ಉದ್ಧಾರ ಆಗಲ್ಲ ಕಣ್ಲಾ."

ಬಿಂದುವಿನ ಡಬ್ಬಿ ತಿಂಗಳು ತಿಂಗಳೂ ತೂಕವಾಯಿತು. ಅದು ತುಂಬುತ್ತ ಹೋದ ಹಾಗೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಇಪ್ಪತ್ತನೇ ತಾರೀಕಿಗೆ ಎದುರುಮನೆಯ ಬಾಗಿಲು ತಟ್ಟುವುದು ನಿಂತಿತು. ಹಾಲಿನವನು ಬಂದರೆ ಬಾಗಿಲ ಹಿಂದೆ ನಿಲ್ಲುವುದಿಲ್ಲ, ನೇರ ಹೋಗಿ ದುಡ್ಡು ಕೊಡುತ್ತೇನೆ. ಬಿಂದುವಿಗೆ ಒಳ್ಳೆಯ ಅಂಕ ಬಂದವು. ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಫೀಸು ಕಟ್ಟಲು ಎರಡು ವಾರ ಇರುವಾಗ ಡಬ್ಬಿಯಲ್ಲಿ ಮೂವತ್ತು ಸಾವಿರ ಭರ್ತಿ ಇತ್ತು.

ಆಗ ಹಿರೀಸಾವೆಯಿಂದ ಫೋನು ಬಂತು.

ಅತ್ತೆಯ ತಮ್ಮ ಬೋರಪ್ಪ, ಹಿರೀಸಾವೆ ಹತ್ತಿರದ ಹಳ್ಳಿಯವರು. ಇವರಿಗೆ ಸೋದರಮಾವ. ಮಗಳು ಪಲ್ಲವಿಗೆ ಗಂಡು ಗೊತ್ತಾಗಿ, ಗಂಡಿಗೆ ರಜೆ ಸಿಗುವುದು ಈಗಲೇ ಎಂದು ಎಂಟು ದಿನಕ್ಕೇ ಮದುವೆ ಇಟ್ಟುಕೊಂಡಿದ್ದರು. ಅತ್ತೆಯ ನೆನಪಿನಲ್ಲಿ ಪಲ್ಲವಿ ಇರಲಿಲ್ಲ ಎಂದಲ್ಲ. ಮುಂದಿನ ವರ್ಷಕ್ಕೆ ಎಂದು ಬಿಟ್ಟಿದ್ದರು. ಬಿಂದು ದೊಡ್ಡವಳಾದಾಗ ಒಸಗೆಗೆ ಇದೇ ಬೋರಪ್ಪ ಐದು ಸಾವಿರ ಮುಯ್ಯಿ ಹಾಕಿ, ಮೇಲೊಂದು ಕುರಿ ತಂದು ಕಟ್ಟಿದ್ದರು. ನಮ್ಮ ಮುಯ್ಯಿ ಡಬ್ಬಿಯಲ್ಲಿ ಉಳಿದಿದ್ದು ಏಳುನೂರು.

ಅಂದು ಊಟಕ್ಕೆ ಕೂತಾಗ ಇವರ ಕಣ್ಣು ಶೆಲ್ಫಿನ ಕಡೆಗೇ ಹೋಗುತ್ತಿತ್ತು.

"ಸೋದರಮಾವ ಕಣೇ" ಎಂದರು ಕೊನೆಗೆ. "ಅವರೂರಲ್ಲಿ ಮೈಕಲ್ಲಿ ಕೂಗ್ತಾರೆ. ಅಕ್ಕನ ಮಗ ಏಳುನೂರು ಅಂತ ಕೂಗಿದ್ರೆ ನಾನು ಅಲ್ಲೇ ಬಾವಿ ನೋಡ್ಕೊಬೇಕು."

"ತಗೊಳ್ಳಪ್ಪ" ಎಂದಳು ಬಿಂದು ಮುದ್ದೆ ಮುರಿಯುತ್ತ. "ಕಾಲೇಜಿನೋರಿಗೆ ಒಂದು ತಿಂಗಳು ಟೈಮ್ ಕೇಳೋಣ." ತಲೆ ಎತ್ತಲಿಲ್ಲ. ಟೈಮ್ ಕೊಡುವುದಿಲ್ಲ, ಸೀಟು ಮುಂದಿನವರಿಗೆ ಹೋಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ನಾನು ಎದ್ದು ಬಿಂದುವಿನ ಡಬ್ಬಿಯನ್ನು ತಂದು ನನ್ನ ಮಗ್ಗುಲಲ್ಲಿ ಇಟ್ಟುಕೊಂಡು ಮತ್ತೆ ಊಟಕ್ಕೆ ಕೂತೆ. "ಇದು ನಿಮ್ದೂ ಅಲ್ಲ, ನಂದೂ ಅಲ್ಲ. ಇದರ ಮಾತು ಬಿಟ್ಟು ಬೇರೆ ಏನಾದ್ರೂ ಹೇಳಿ."

ಇವರು ಅತ್ತೆಯ ಮುಖ ನೋಡಿದರು. ಹೋಗುವ ಮರ್ಯಾದೆ ಎಲ್ಲರಿಗಿಂತ ಹೆಚ್ಚು ಅವರದು, ತವರುಮನೆ. ಹೊನ್ನಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಮ್ ಕಾಲ್ದಲ್ಲಿ ದುಡ್ಡೆಲ್ಲಿತ್ತಪ್ಪ" ಎಂದರು. "ಅವರ ಗದ್ದೆ ನಾಟಿಗೆ ನಾವೋಗೋದು, ನಮ್ ಗದ್ದೆಗೆ ಅವರು ಬರೋದು. ಮುಯ್ಯಾಳು ಅನ್ನೋರು. ನನ್ ಮದ್ವೇಲಿ ನಮ್ಮತ್ತಿಗೆ ಮೂರ್ ದಿನ ರಾಗಿ ಬೀಸಿದ್ಲು, ಅದೇ ಅವಳ ಮುಯ್ಯಿ. ಯಾರೂ ಕಮ್ಮಿ ಅನ್ನಲಿಲ್ಲ." ನನ್ನ ಹೊಲಿಗೆ ಮಿಷಿನ್ನಿನ ಕಡೆ ಕೈ ತೋರಿಸಿದರು. "ಅದೇನು ಸುಮ್ನೆ ಕುಂತಿದ್ಯಾ?"

ತಟ್ಟೆ ತೊಳೆಯುವುದನ್ನೂ ಬಿಟ್ಟು ನಾನು ಬೋರಪ್ಪನವರ ಹೆಂಡತಿ ಚಿಕ್ಕತಾಯಮ್ಮನಿಗೆ ಫೋನು ಮಾಡಿದೆ. ಅವರು ನಕ್ಕುಬಿಟ್ಟರೆ, "ದುಡ್ಡು ಉಳಿಸಕ್ಕೆ ಇಂಗೆಲ್ಲ ಮಾಡ್ತೀರಾ" ಎಂದುಬಿಟ್ಟರೆ ಅತ್ತೆ ಮತ್ತೆ ತವರಿನ ಹೊಸಿಲು ತುಳಿಯುವುದು ಹೇಗೆ?

"ಚಿಕ್ಕಮ್ಮ, ಈ ಸಲ ದುಡ್ಡು ತರೋ ಸ್ಥಿತೀಲಿಲ್ಲ. ಬಿಂದು ಫೀಸು ಕಟ್ಟಬೇಕು" ಎಂದೆ, ಮುಚ್ಚುಮರೆ ಇಲ್ಲದೆ. "ನಾನು ಮಿಷಿನ್ ತರ್ತೀನಿ. ಮದ್ವೆ ಬ್ಲೌಸೆಲ್ಲ ನನಗೆ ಬಿಡಿ."

"ಅಯ್ಯೋ ನನ್ ಕಂದ" ಎಂದು ಚಿಕ್ಕಮ್ಮ ಕೂಗಿದ್ದು ಅತ್ತೆಗೂ ಕೇಳಿಸಿತು. "ಚನ್ನರಾಯಪಟ್ಟಣದಲ್ಲಿ ಟೈಲರ್‌ಗಳೆಲ್ಲ ಎಂಟ್ ದಿನಕ್ಕೆ ಆಗಲ್ಲ ಅಂತ ಬಟ್ಟೇನೇ ಮುಟ್ಟುತಿಲ್ಲ ಕಣವ್ವ! ಮದುವಣಗಿತ್ತಿ ಬೆಳಿಗ್ಗೆಯಿಂದ ಮಖ ಊದಿಸ್ಕೊಂಡು ಕುಂತವಳೆ. ನಾಳೇನೇ ಬಂದ್ಬುಡು!"

ಆ ರಾತ್ರಿ ಇವರು ಮಿಷಿನ್ನನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಎಣ್ಣೆ ಬಿಟ್ಟು, ಮೋಟಾರು ಸಮೇತ ಒಂದು ಹಲಗೆಗೆ ಬಿಗಿದು ಕೊಟ್ಟರು. ಕೆಲಸ ಮಾಡುವಾಗ ಹಾಡು ಗುನುಗುತ್ತಿದ್ದರು. ಬೆಳಿಗ್ಗೆ ನಾನು, ಅತ್ತೆ, ಬಿಂದು ಮೂವರೂ ಬಸ್ಸು ಹತ್ತಿದೆವು. ಕಂಡಕ್ಟರ್ ಮೂರು ಸೊನ್ನೆ ಟಿಕೆಟ್ ಹರಿದು ಕೊಟ್ಟು, ಮಿಷಿನ್ನಿನ ಗಂಟು ಮುಟ್ಟಿ ನೋಡಿದ.

"ನಿಮಗೆ ಫ್ರೀ ಅಜ್ಜಿ. ಇದಕ್ಕೆ ಲಗೇಜ್ ಆಗ್ತದೆ."

"ಇದೂ ಎಂಗ್ಸೇ ಕಣಪ್ಪ" ಎಂದರು ಹೊನ್ನಕ್ಕ. "ಬೆಳಗಿಂದ ಸಂದೇಗಂಟ ದುಡೀತದೆ, ಸಂಬಳ ಇಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕ, ಆದರೆ ಲಗೇಜಿನ ದುಡ್ಡು ಬಿಡಲಿಲ್ಲ. ಅದನ್ನು ಮುಯ್ಯಿ ಡಬ್ಬಿಯ ಏಳುನೂರರಲ್ಲಿ ಕೊಟ್ಟೆ. ಅದು ಮುಯ್ಯಿಯ ಖರ್ಚೇ ತಾನೆ.

ಬೋರಪ್ಪನವರ ಪಡಸಾಲೆಯಲ್ಲಿ ಮಿಷಿನ್ ಕೂರಿಸಿದ ಮೇಲೆ ಅದು ಊಟದ ಹೊತ್ತು ಬಿಟ್ಟರೆ ನಿಲ್ಲಲಿಲ್ಲ. ನಾನು ಕತ್ತರಿಸಿ ಹೊಲಿದೆ. ಬಿಂದು ಹೆಮ್ಮಿಂಗ್ ಮಾಡಿ ಹುಕ್ಕು ಹಾಕಿದಳು. ಅತ್ತೆ ತಮ್ಮನ ಹೆಂಡತಿಯ ಪಕ್ಕ ಗೋಡೆಗೆ ಒರಗಿ ಸೀರೆಗಳಿಗೆ ಕುಚ್ಚು ಕಟ್ಟುತ್ತ, ಊರಿನ ಸುದ್ದಿಯನ್ನೆಲ್ಲ ಹೊಸದಾಗಿ ತುಂಬಿಕೊಂಡರು. ಮೊದಲು ಮದುವಣಗಿತ್ತಿಯವು, ಆಮೇಲೆ ಅಕ್ಕತಂಗಿಯರವು, ಆಮೇಲೆ "ಲೀಲಕ್ಕ, ನಂದೊಂದು" ಎನ್ನುತ್ತ ಬಂದ ನೆಂಟರವು, ಪಕ್ಕದಮನೆಯವರವು. ಪಲ್ಲವಿ ಧಾರೆಯ ರವಿಕೆ ತೊಟ್ಟು ಕನ್ನಡಿಯ ಮುಂದೆ ಸುತ್ತು ಹಾಕಿದಳು. ಬೆನ್ನಿಗೆ ನಾನು ತಾವರೆ ಮೊಗ್ಗಿನ ಆಕಾರದಲ್ಲಿ ಪೈಪಿಂಗ್ ಕೂರಿಸಿದ್ದೆ. ಅವಳ ಊದಿದ ಮುಖ ಇಳಿದು, ಎರಡೂ ಕೆನ್ನೆಯಲ್ಲಿ ಗುಳಿ ಬಿತ್ತು. ಬಾಗಿಲಲ್ಲಿ ನಿಂತಿದ್ದ ಬೋರಪ್ಪ ಟವೆಲ್ಲಿನಿಂದ ಮೂಗೊರಸಿಕೊಂಡು ಆಚೆ ಹೋದರು.

ಮದುವೆ ಮುಗಿದು ಬೀಗರೂಟದ ದಿನ ಇವರು ಹಾಸನದಿಂದ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೇಬಿನಲ್ಲಿ ನಾನು ಅಂಟಿಸಿ ಕೊಟ್ಟಿದ್ದ ಲಕೋಟೆ, ಐನೂರ ಒಂದು. ಶಾಮಿಯಾನದ ಬಾಗಿಲಲ್ಲೇ ಮುಯ್ಯಿ ಟೇಬಲ್ಲು. ಸುದರ್ಶನ್ ಎಂಬ ಊರಿನ ಹುಡುಗ ಬರೆಯುತ್ತ, ಬರೆದಿದ್ದನ್ನು ಮೈಕಿನಲ್ಲಿ ಕೂಗುತ್ತಿದ್ದ. ಮುಂದಿನವರು ಮೂರು ಸಾವಿರ, ಅವರ ಮುಂದಿನವರು ಎರಡು. ಇವರು ಎರಡು ಸಲ ಸಾಲಿನಿಂದ ಹೊರಗೆ ಬಂದು ನೀರು ಕುಡಿದರು. ನಾನು ಹೆಂಗಸರ ಜೊತೆ ನಿಂತಿದ್ದೆ. ಬಿಂದು ನನ್ನ ಮೊಣಕೈ ಹಿಡಿದುಕೊಂಡಳು.

"ದೇವರಾಜು, ಹಾಸನ" ಎಂದು ಸುದರ್ಶನ್ ಕೂಗಿದ. "ಐನೂರ ಒಂದು—"

"ನಿಲ್ಸಲಾ!" ಎಂದರು ಚಿಕ್ಕತಾಯಮ್ಮ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಟೇಬಲ್ಲಿಗೆ ಬಂದಿದ್ದರು. "ಪೂರ್ತಿ ಬರಿ. ಐನೂರ ಒಂದು ರೂಪಾಯಿ, ಇಪ್ಪತ್ತಾರು ಬ್ಲೌಸು, ಒಂಬತ್ತು ಸೀರೆ ಕುಚ್ಚು."

ಹುಡುಗ ಪೆನ್ನು ಎತ್ತಿ ಹಿಡಿದ. "ಬ್ಲೌಸ್ನ ಎಂಗ್ ಬರೀಲಿ? ರೂಪಾಯಿ ಕಾಲಮ್ಮಲ್ಲಿ?"

"ಎಲ್ಲಾರ ಬರ್ಕೊ. ಗಟ್ಟಿಯಾಗಿ ಕೂಗು."

ಕೂಗಿದ. ಮೊದಲು ಗಂಡಸರ ಪಂಕ್ತಿಯಲ್ಲಿ ನಗು ಎದ್ದಿತು. ಆಗ ಬೋರಪ್ಪ ಹುಡುಗನ ಕೈಯಿಂದ ಮೈಕು ಕಿತ್ತುಕೊಂಡರು. "ನಗ್ಬೇಡ್ರಪ್ಪ. ಎಂಟ್ ದಿನ ಗಡುವಲ್ಲಿ ಯಾವ ಟೈಲರೂ ಬಾಗ್ಲು ತೆಗೀಲಿಲ್ಲ. ನಮ್ಮಕ್ಕನ ಮನೆಯೋರು ಮಿಷಿನ್ ಒತ್ಕೊಂಡು ಬಂದು ನನ್ ಮಗಳ ಮದ್ವೆ ಮಾಡಿದ್ರು. ಈ ಶಾಮಿಯಾನದಲ್ಲಿ ಇದಕ್ಕಿಂತ ದೊಡ್ಡ ಮುಯ್ಯಿ ಯಾರದಾದ್ರೂ ಇದ್ರೆ ಮುಂದಕ್ ಬನ್ನಿ."

ಯಾರೂ ಬರಲಿಲ್ಲ. ಬದಲಿಗೆ ಹೆಂಗಸರ ಪಂಕ್ತಿಯಲ್ಲಿ ಯಾರೋ ಒಬ್ಬಳು ಬೆನ್ನು ತಿರುಗಿಸಿ ತನ್ನ ರವಿಕೆ ತೋರಿಸಿದಳು. ಅವಳನ್ನು ನೋಡಿ ಪಕ್ಕದವಳು. ನೋಡನೋಡುತ್ತಿದ್ದಂತೆ ಸಾಲಿಗೆ ಸಾಲೇ ನಗುತ್ತ ಬೆನ್ನು ಮಾಡಿ ನಿಂತಿತು, ತಾವರೆ ಮೊಗ್ಗು, ನವಿಲು, ಸುಮ್ಮನೆ ಒಂದು ಲಾಡಿ. ಅಷ್ಟೂ ನನ್ನ ಕೈಯ ಕೆಲಸವೇ ಎಂದು ನನಗೇ ಬೆರಗಾಯಿತು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ತವರಿನ ಜನವನ್ನೆಲ್ಲ ಒಂದು ಸುತ್ತು ನೋಡಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಇವರನ್ನು ಹುಡುಕಿದೆ. ಟೇಬಲ್ಲಿನ ಹತ್ತಿರವೇ ನಿಂತಿದ್ದರು, ಹತ್ತು ಸಾವಿರ ಹಾಕಿದ್ದರೂ ಅಷ್ಟು ಉಬ್ಬುತ್ತಿರಲಿಲ್ಲ ಆ ಎದೆ.

"ಆ ಮಿಷಿನ್ ಸರ್ವೀಸ್ ಮಾಡಿದ್ದು ನಾನೇ" ಎಂದು ಯಾರಿಗೋ ಹೇಳುತ್ತಿದ್ದರು.

ಫೀಸು ಕಟ್ಟುವ ದಿನ ನಾವು ನಾಲ್ವರೂ ಹೊಳೆನರಸೀಪುರಕ್ಕೆ ಹೋದೆವು. ನೋಟು ಬದಲಾಯಿಸಿಕೊಳ್ಳಲು ಪುರುಸೊತ್ತಾಗದೆ ಡಬ್ಬಿಯನ್ನೇ ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ಕೌಂಟರಿನಲ್ಲಿದ್ದವರು ಐವತ್ತು, ನೂರರ ಕಟ್ಟುಗಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಏನ್ರೀ ಇದು, ಮದುವೆ ಮುಯ್ಯಿ ದುಡ್ಡಾ?"

"ಅಲ್ಲ ಸಾ" ಎಂದರು ಇವರು. "ಮುಯ್ಯಿ ಡಬ್ಬಿನೇ ಬೇರೆ, ಇದೇ ಬೇರೆ. ಇದು ಮಗಳ್ದು. ನಿಧಾನಕ್ಕೆ ಎಣಿಸ್ಕೊಳಿ, ಒಂದು ರೂಪಾಯಿ ಕಮ್ಮಿ ಇರಲ್ಲ."

ಕಮ್ಮಿ ಇರಲಿಲ್ಲ. ಬಿಂದು ರಸೀದಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಓದಿ, ಅಜ್ಜಿಯ ಕೈಗೆ ಕೊಟ್ಟಳು. ಓದು ಬಾರದ ಹೊನ್ನಕ್ಕ ಅದನ್ನು ಕಣ್ಣಿಗೆ ಒತ್ತಿಕೊಂಡರು.

"ನಾನಿನ್ನು ಬಿದ್ರೂ ಭಯ ಇಲ್ಲ ಬುಡು" ಎಂದರು.

"ಬೀಳೋ ಮಾತು ಬೇಡ ಅಜ್ಜಿ. ಮೂಳೆಗೆ ಡಬ್ಬಿ ಇಟ್ಟಿಲ್ಲ" ಎಂದಳು ಬಿಂದು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇವರು ನಾಲ್ಕು ಪ್ಲೇಟು ಬೋಂಡಾ ಹೇಳಿದರು. ಎಷ್ಟೋ ತಿಂಗಳ ಮೇಲಿನ ಬೋಂಡಾ. ಯಾವ ಡಬ್ಬಿಯಿಂದ ಎಂದು ನಾನು ಕೇಳಲಿಲ್ಲ. ತಿಂದು ಮುಗಿಸುವಷ್ಟರಲ್ಲಿ ನನಗೆ ಫೋನು ಬಂತು, ಹಿರೀಸಾವೆಯಿಂದ, ಬೀಗರೂಟದಲ್ಲಿ ನನ್ನ ನಂಬರು ಬರೆದುಕೊಂಡಿದ್ದ ಹೆಂಗಸು. ಆಷಾಢ ಕಳೆದ ಕೂಡಲೇ ಮಗಳ ಮದುವೆಯಂತೆ. ಹನ್ನೆರಡು ರವಿಕೆ, ದುಡ್ಡಿಗೇ. ಬಾಯಲ್ಲಿ ಬೋಂಡಾ ಇದ್ದುದರಿಂದ ನಾನು ಬರೀ "ಹ್ಞೂಂ ಹ್ಞೂಂ" ಎಂದೆ.

ಬಿಂದು ಖಾಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ತನ್ನ ಹೆಸರಿನ ಚೀಟಿಯ ಪಕ್ಕ ಪೆನ್ನಿನಿಂದ "ಎರಡನೇ ವರ್ಷ" ಎಂದು ಬರೆದಳು. ಅವಳು ಮುಚ್ಚಳ ಹಾಕುವ ಮೊದಲೇ ಅವಳಪ್ಪ ಬೋಂಡಾದ ಬಿಲ್ಲಿನಲ್ಲಿ ಉಳಿದ ಹತ್ತು ರೂಪಾಯಿಯ ನಾಣ್ಯವನ್ನು ಒಳಕ್ಕೆ ಹಾಕಿದರು. ಖಾಲಿ ಡಬ್ಬಿಯಲ್ಲವೆ, ಹೋಟೆಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಸದ್ದಾಯಿತು.